ಬಿಸಾಡಬೇಕಿದ್ದ ಸಾಮಾನು

ಗಂಟಕ್ಕನಿಗೆ ಆ ಹೆಸರಿಟ್ಟವರು ಯಾರು ಎಂದು ಕೇಳಿದರೆ 'ಹೆಗಲು' ಸಂಸ್ಥೆಯಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಸೇತುವೆಯ ಕೆಳಗಿಂದ ಎದ್ದು ಮೊದಲ ಸಲ ಅಲ್ಲಿಗೆ ಬಂದಾಗ ಅವಳ ಕಂಕುಳಲ್ಲಿ ಒಂದು ಬಟ್ಟೆಯ ಗಂಟಿತ್ತು. ಊಟಕ್ಕೆ ಕೂತರೆ ತೊಡೆಯ ಮೇಲೆ ಗಂಟು, ಮಲಗಿದರೆ ತಲೆಯಡಿಗೆ ಗಂಟು, ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಿನ ಮೊಳೆಗೆ ಗಂಟು. ಇಷ್ಟಾದ ಮೇಲೆ ಅಡ್ಡಹೆಸರು ಬೀಳದೆ ಇರುತ್ತದೆಯೆ? ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. "ಹೇ, ಹೋಯ್ ಅಂತ ಕರೆಸ್ಕೊಂಡು ಸಾಕಾಗಿತ್ತು, ಇದೇ ವಾಸಿ," ಎಂದಳು.

ಹೆಗಲಿನ ಕೆಲಸ ಮನೆ ಸಾಗಿಸುವುದು. ಒಂದು ಮನೆಯ ಸಾಮಾನನ್ನೆಲ್ಲ ಕಟ್ಟಿ, ಲಾರಿಗೆ ಹೇರಿ, ಇನ್ನೊಂದು ಮನೆಯಲ್ಲಿ ಇಳಿಸಿ ಜೋಡಿಸಿಕೊಡುವುದು. ತಮಾಷೆ ಏನೆಂದರೆ ಅಲ್ಲಿ ದುಡಿಯುವವರಲ್ಲಿ ಮುಕ್ಕಾಲು ಪಾಲು ಜನ ಮನೆ ಕಳೆದುಕೊಂಡವರೇ. ಜೈಲಿನಿಂದ ಹೊರಬಂದವರು, ಕುಡಿತ ಬಿಟ್ಟು ಕೈಕಾಲು ನಡುಗಿಸಿಕೊಂಡು ಬಂದವರು, ಬಸ್ ನಿಲ್ದಾಣದ ಬೆಂಚಿನ ಮೇಲೆ ತಲೆಕೂದಲು ಬೆಳ್ಳಗೆ ಮಾಡಿಕೊಂಡವರು. ಇಂಥವರ ಕೈಗೆ ಊರಿನವರ ಮನೆಗಳನ್ನು ಕೊಡುವ ಯೋಚನೆ ಹೊಳೆದದ್ದು ಚಿಕ್ಕಮ್ಮನಿಗೆ. ಸಂಸ್ಥೆ ನಡೆಸುವ ಆಕೆ ರಕ್ತಸಂಬಂಧದಲ್ಲಿ ಅಲ್ಲಿ ಯಾರಿಗೂ ಏನೂ ಆಗಬೇಕಿಲ್ಲ, ಆದರೂ ಎಲ್ಲರಿಗೂ ಚಿಕ್ಕಮ್ಮ. ಶುರುವಿನಲ್ಲಿ ಜನ ಮೂಗು ಮುರಿದರು. "ಕಳ್ಳರ ಕೈಗೆ ಬೀರು ಒಪ್ಪಿಸೋದಾ?" ಎಂದರು. ಚಿಕ್ಕಮ್ಮ ವಾದ ಮಾಡಲಿಲ್ಲ. ಮೊದಲು ತನ್ನ ಮನೆಯನ್ನೇ ಇವರ ಕೈಯಲ್ಲಿ ಸಾಗಿಸಿದಳು, ಆಮೇಲೆ ತನ್ನ ಅಕ್ಕನ ಮನೆ, ಆಮೇಲೆ ಅಕ್ಕನ ಬೀಗರ ಮನೆ. ಹಾಗೇ ಬಾಯಿಂದ ಬಾಯಿಗೆ ಹರಡಿ ಈಗ ಲಾರಿಗೆ ಬಿಡುವಿಲ್ಲ. ಬೆಳಗ್ಗೆ ಎಲ್ಲರೂ ಒಟ್ಟಿಗೆ ತಿಂಡಿ ತಿಂದು ಹೊರಡುತ್ತಾರೆ, ಸಂಜೆ ಒಟ್ಟಿಗೆ ಕೂತು ಊಟ ಮಾಡುತ್ತಾರೆ, ನಡುವೆ ಬೇಕಾದಷ್ಟು ಜಗಳ ಆಡುತ್ತಾರೆ. ಸಂಸಾರ ಎಂದರೆ ಇನ್ನೇನು?

ಸಾಮಾನು ಹೊರುವುದು ಯಾರಿಗಾದರೂ ಬರುತ್ತದೆ. ಗಂಟಕ್ಕನ ಕೈಗುಣವೇ ಬೇರೆ. ಕಟ್ಟುವ ಮೊದಲು ಅವಳು ಒಂದೊಂದು ಕೋಣೆಯಲ್ಲೂ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾಳೆ. ದೀಪ ಹಾಸಿಗೆಯ ಯಾವ ಪಕ್ಕ ಇದೆ, ಕುರ್ಚಿಯ ಮುಖ ಯಾವ ಕಡೆಗಿದೆ, ಯಾವ ಕಾಫಿ ಕಪ್ಪು ಮುಂದಿದೆ, ಯಾವುದು ಹಿಂದಿದೆ, ಎಲ್ಲವನ್ನೂ ಕಣ್ಣಲ್ಲೇ ತುಂಬಿಕೊಳ್ಳುತ್ತಾಳೆ. ಹೊಸ ಮನೆಯಲ್ಲಿ ಎಲ್ಲವೂ ಹಾಗೆಯೇ ಕೂರಬೇಕು. ಹೊಸ ಜಾಗದಲ್ಲಿ ಮೊದಲ ಸಲ ಮಲಗಿ ಎದ್ದವರು ಕಣ್ಣು ಮುಚ್ಚಿಕೊಂಡೇ ಕೈ ಚಾಚಿದರೂ ನೀರಿನ ಲೋಟ ಸಿಗಬೇಕು ಎನ್ನುವುದು ಅವಳ ಹಟ. ವರ್ಷಗಟ್ಟಲೆ ಬೀದಿಯಲ್ಲಿ ನಿಂತು ಬೇರೆಯವರ ಮನೆಯ ಕಿಟಕಿಗಳನ್ನು ನೋಡಿದವಳು. ಮನೆಯೊಳಗೆ ಯಾವುದು ಎಲ್ಲಿರುತ್ತದೆ ಎನ್ನುವುದು ಅವಳಿಗೆ ಬಾಯಿಪಾಠವಾಗಿಬಿಟ್ಟಿತ್ತು. ತನಗೆ ಇದು ಚೆನ್ನಾಗಿ ಬರುತ್ತದೆ ಎನ್ನುವುದೂ ಅವಳಿಗೆ ಗೊತ್ತಿತ್ತು, ಅದನ್ನೇನೂ ಅವಳು ಮುಚ್ಚಿಡುತ್ತಿರಲಿಲ್ಲ.

ಹೆಗಲಿಗೆ ಎರಡನೇ ಲಾರಿ ಬಂತು. ಲಾರಿ ಬಂದ ಮೇಲೆ ಅದಕ್ಕೊಬ್ಬ ಮೇಸ್ತ್ರಿ ಬೇಕು. ತಿಂಡಿಯ ಹೊತ್ತಿಗೆ ಚಿಕ್ಕಮ್ಮ ಎಲ್ಲರ ಎದುರಿಗೇ ಹೇಳಿದಳು: "ಗಂಟಕ್ಕ, ಇವತ್ತಿನ ಮನೆ ನೀನೇ ನಿಂತು ಮಾಡ್ಸು. ಮನೆಯವರು ಖುಷಿಯಾಗಿ ಒಪ್ಕೊಂಡ್ರೆ ಲಾರಿ ನಿಂದು, ಮೇಸ್ತ್ರಿ ನೀನೇ. ಏನಾದ್ರೂ ಎಡವಟ್ಟಾಯ್ತೋ, ಇನ್ನೊಂದು ವರ್ಷ ಸಾಮಾನಿಗೆ ಹಗ್ಗ ಸುತ್ಕೊಂಡಿರು."

ಗಂಟಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟಳು. ಮೇಸ್ತ್ರಿಯಾದರೆ ಸಂಬಳ ಹೆಚ್ಚುತ್ತದೆ ನಿಜ, ಅವಳಿಗೆ ಬೇಕಾದದ್ದು ಅದಲ್ಲ. ಮನೆಯವರು ಬೀಗದ ಕೈ ಕೊಡುವುದು ಮೇಸ್ತ್ರಿಯ ಕೈಗೆ. ಅವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಜನರನ್ನು ಅವಳು ಬೇಕಾದಷ್ಟು ನೋಡಿದ್ದಳು. ಈಗ ಅಂಥದೇ ಜನ ಬಾಗಿಲು ತೆರೆದು, ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟು, ನೀನೇ ನೋಡಿಕೋ ಎನ್ನಬೇಕು. ಅದೊಂದು ಆಸೆ ಅವಳ ಎದೆಯಲ್ಲಿ ಗಟ್ಟಿಯಾಗಿ ಕೂತಿತ್ತು.

ಜೊತೆಗೆ ಇಬ್ಬರು. ಒಬ್ಬ ಡ್ರೈವರಣ್ಣ, ಜೈಲಿನಲ್ಲಿದ್ದು ಬಂದವನು, ಈಗ ಕೆಂಪು ದೀಪ ಕಂಡರೆ ಖಾಲಿ ರಸ್ತೆಯಲ್ಲೂ ನಿಲ್ಲುವ ಮನುಷ್ಯ. ಅವಳು ಅವನನ್ನು ಅಣ್ಣ ಎನ್ನುತ್ತಾಳೆ, ಅವನು ಅವಳನ್ನು ಅಕ್ಕ ಎನ್ನುತ್ತಾನೆ. ಇಬ್ಬರಲ್ಲಿ ದೊಡ್ಡವರು ಯಾರೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಇನ್ನೊಬ್ಬ ಮೌನಿ. ಕುಡಿತ ಬಿಟ್ಟ ಮೇಲೆ ಆ ಬಾಯಿಗೆ ಬೇರೆ ಕೆಲಸ ಬೇಕಾಯಿತೋ ಏನೋ, ಬೆಳಗ್ಗೆ ಶುರುವಾದ ಮಾತು ನಿದ್ದೆ ಬಂದ ಮೇಲೇ ನಿಲ್ಲುವುದು. ಆ ಹೆಸರು ಇಟ್ಟವರಿಗೆ ಒಂದು ನಮಸ್ಕಾರ.

ಮನೆ ಮೂರನೇ ಮಹಡಿಯಲ್ಲಿತ್ತು. ಬಾಗಿಲು ತೆರೆದ ಹೆಂಗಸು ಒಂದು ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳಂತೆ. ಕೆಲಸಕ್ಕೆ ಹೊರಡುವ ಆತುರದಲ್ಲಿ ಬಿಳಿ ಕೋಟು ತೋಳಿಗೆ ಹಾಕಿಕೊಂಡೇ ನಿಂತಿದ್ದಳು. ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಮೌನಿ ಲ್ಯಾಬಮ್ಮ ಎಂದು ಹೆಸರಿಟ್ಟೂ ಆಗಿತ್ತು. ಲ್ಯಾಬಮ್ಮ ಹೆಚ್ಚು ಮಾತಾಡಲಿಲ್ಲ. ಎರಡು ಮನೆಯ ಬೀಗದ ಕೈಗಳನ್ನೂ ಗಂಟಕ್ಕನ ಕೈಗೆ ಕೊಟ್ಟಳು.

"ಸಂಜೆ ನೇರವಾಗಿ ಹೊಸ ಮನೆಗೇ ಬರ್ತೀನಿ. ಇಲ್ಲಿಗೆ ವಾಪಸ್ ಬರಲ್ಲ. ಅಕ್ಕಪಕ್ಕದವರು ಕೇಳಿದ್ರೆ ಎಲ್ಲಿಗೆ ಹೋಗ್ತಿದೀನಿ ಅಂತ ಹೇಳ್ಬೇಡಿ."

"ಯಾರಿಗೂ ಹೇಳಲ್ಲ ಮೇಡಂ."

"ಇನ್ನೊಂದು." ಲ್ಯಾಬಮ್ಮ ಒಳಕೋಣೆಯ ಮೂಲೆ ತೋರಿಸಿದಳು. ಅಲ್ಲಿ ಒಂದಷ್ಟು ಸಾಮಾನು ರಾಶಿ ಬಿದ್ದಿತ್ತು. "ಅದೆಲ್ಲ ಕಸ. ಬಿಸಾಡಿಬಿಡಿ. ಅದ್ರಲ್ಲಿ ಒಂದೂ ಆ ಮನೆಗೆ ಬರಬಾರದು."

"ಆಯ್ತು ಮೇಡಂ," ಎಂದಳು ಗಂಟಕ್ಕ. ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲು ಸಾಧ್ಯವಿಲ್ಲ, ಇದಕ್ಕಿಂತ ಸ್ಪಷ್ಟವಾಗಿ ಯಾರೂ ಒಪ್ಪಿಕೊಳ್ಳಲೂ ಸಾಧ್ಯವಿಲ್ಲ. ಹಾಗಾಗಿ ಮುಂದೆ ಆದದ್ದಕ್ಕೆ ಬೇರೆ ಯಾರ ಕಡೆಗೂ ಬೆರಳು ತೋರಿಸುವ ಹಾಗಿಲ್ಲ.

ಕೆಲಸ ಹೂವಿನ ಹಾಗೆ ಸಾಗಿತು. ಪಾತ್ರೆಗಳು ಪೆಟ್ಟಿಗೆ ಸೇರಿದವು, ಮಂಚ ಬಿಚ್ಚಿಕೊಂಡಿತು, ಮೌನಿ ಕನ್ನಡಿಯನ್ನು ಕಂಬಳಿಯಲ್ಲಿ ಸುತ್ತಿ ಮಗುವನ್ನು ಎತ್ತಿಕೊಂಡ ಹಾಗೆ ಇಳಿಸಿದ. ಊಟದ ಹೊತ್ತಿಗೆ ಮನೆಯಲ್ಲಿ ಉಳಿದದ್ದು ಆ ಮೂಲೆಯ ರಾಶಿ ಮಾತ್ರ. ಮೂವರೂ ಅದರ ಸುತ್ತ ನಿಂತರು.

ಒಂದು ಜೊತೆ ಗಂಡಸಿನ ಚಪ್ಪಲಿ. ಶೇವಿಂಗ್ ಸಾಮಾನಿನ ಡಬ್ಬಿ. ಮೊಣಕೈ ಸವೆದ ಕಂದು ಸ್ವೆಟರ್. ಹಿಡಿಯ ತುದಿ ಮುರಿದ ದೊಡ್ಡ ಮಗ್. ಒಂದು ಸಣ್ಣ ರೇಡಿಯೋ, ಒಂದು ಟೋಪಿ.

"ಪಾಪ," ಎಂದಳು ಗಂಟಕ್ಕ. "ಗಂಡ ತೀರ್ಕೊಂಡಿದಾನೆ."

"ಅವರು ಹೇಳಿದ್ರಾ?" ಎಂದ ಡ್ರೈವರಣ್ಣ.

"ಹೇಳ್ಬೇಕಾ? ನೋಡಿದ್ರೆ ಗೊತ್ತಾಗಲ್ವಾ? ದುಃಖದಲ್ಲಿ ಎಲ್ಲಾ ಬಿಸಾಡಿ ಅಂತಿದಾರೆ."

ಗಂಟಕ್ಕನಿಗೆ ಒಂದು ಸಲ ಒಂದು ವಿಷಯ ಹೊಳೆಯಿತು ಎಂದರೆ ಮುಗಿಯಿತು, ಆಮೇಲೆ ಅದು ಅವಳ ಪಾಲಿಗೆ ಕಣ್ಣಾರೆ ಕಂಡ ಸತ್ಯ. ಅಕ್ಕಪಕ್ಕದವರಿಗೆ ಹೇಳಬೇಡಿ ಎಂದದ್ದು ಯಾಕೆ ಎಂದು ಅವಳು ಯೋಚಿಸಬಹುದಿತ್ತು. ಇಲ್ಲಿಗೆ ವಾಪಸ್ ಬರುವುದಿಲ್ಲ ಎನ್ನುವಾಗ ಆ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಬಹುದಿತ್ತು. ಕುರ್ಚಿಯ ಮುಖ ಯಾವ ಕಡೆಗಿದೆ ಎಂದು ನೋಡುವವಳು ಮನುಷ್ಯರ ಮುಖ ನೋಡುವುದನ್ನು ಅವತ್ತು ಮರೆತಿದ್ದಳು.

ಆದರೂ ಹೇಳಿದ ಕೆಲಸ ಹೇಳಿದ ಕೆಲಸವೇ. "ಮೌನಿ, ತಗೊಂಡು ಹೋಗಿ ಕೆಳಗಿನ ತೊಟ್ಟಿಗೆ ಹಾಕ್ಬಾ," ಎಂದಳು.

ಮೌನಿ ಎರಡು ಕೈ ತುಂಬ ಎತ್ತಿಕೊಂಡು ಇಳಿದ. ವಾಪಸ್ ಬಂದಾಗ ಸ್ವೆಟರ್ ಅವನ ಹೆಗಲ ಮೇಲಿತ್ತು, ಟೋಪಿ ತಲೆಯ ಮೇಲಿತ್ತು, ಚಪ್ಪಲಿ ಕೈಯಲ್ಲೇ ಇತ್ತು. "ಒಳ್ಳೇ ಉಣ್ಣೆ ಅಕ್ಕ," ಎಂದ. "ತೊಟ್ಟಿಯಲ್ಲಿ ಏನೇನೋ ಸೋರ್ತಿದೆ. ಅದರ ಮೇಲೆ ಹಾಕೋಕೆ ಮನಸ್ಸು ಬರ್ಲಿಲ್ಲ."

"ನಿನ್ನ ಕೈಲಿ ಆಗುತ್ತಾ?" ಎಂದು ಗಂಟಕ್ಕ ಡ್ರೈವರಣ್ಣನ ಕಡೆ ತಿರುಗಿದಳು. ಅವನು ಎದೆಯುಬ್ಬಿಸಿಕೊಂಡು ರೇಡಿಯೋ, ಡಬ್ಬಿ, ಮಗ್ ಹಿಡಿದು ಹೋದ. ಹೋದವನು ಅಷ್ಟೇ ಬೇಗ ಬಂದ. ಗಂಟಕ್ಕ ಕಿಟಕಿಯಿಂದ ಬಗ್ಗಿ ನೋಡಿದರೆ ಲಾರಿಯ ಬಾಗಿಲು ತೆರೆದಿತ್ತು, ಸೀಟಿನ ಕೆಳಗೆ ರೇಡಿಯೋದ ಕಡ್ಡಿ ಇಣುಕುತ್ತಿತ್ತು.

ಅವರನ್ನು ಬೈದು ಏನು ಪ್ರಯೋಜನ? ಡ್ರೈವರಣ್ಣ ಜೈಲಿನಿಂದ ಬಂದಾಗ ಬಾಡಿಗೆ ಮನೆಯ ಯಜಮಾನ ಅವನ ಸಾಮಾನನ್ನೆಲ್ಲ ರಸ್ತೆಗೆ ಎಸೆದಾಗಿತ್ತು. ಮೌನಿಯ ಬಟ್ಟೆಬರೆಯನ್ನು ಅವನ ಹೆಂಡತಿಯೇ ಕಿಟಕಿಯಿಂದ ಕೆಳಕ್ಕೆ ಹಾಕಿದ್ದಳು. ಅದು ಸರಿಯಾಗಿಯೇ ಇತ್ತು ಎಂದು ಅವನೇ ಒಪ್ಪುತ್ತಾನೆ, ಆದರೂ ನೋವು ನೋವೇ. ಇನ್ನು ಗಂಟಕ್ಕ. ಅವಳು ಒಂದು ಬೆಳಗ್ಗೆ ನಲ್ಲಿಗೆ ಹೋಗಿ ಬರುವಷ್ಟರಲ್ಲಿ ರಸ್ತೆ ಗುಡಿಸುವ ಗಾಡಿ ಬಂದು ಅವಳ ಮೊದಲ ಗಂಟನ್ನು ಎತ್ತಿಕೊಂಡು ಹೋಗಿತ್ತು. ಅದರಲ್ಲಿ ಅವಳ ಅಮ್ಮನ ಕನ್ನಡಕವಿತ್ತು. ಯಾರ ಕಣ್ಣಿಗೂ ಹೊಂದದ, ಒಂದು ಕಡ್ಡಿಗೆ ದಾರ ಸುತ್ತಿದ ಕನ್ನಡಕ. ಗಾಡಿಯ ಹಿಂದೆ ಅವಳು ಓಡಿದ್ದಳು, ಅವರು ನಿಲ್ಲಿಸಲಿಲ್ಲ. ಹಿಡಿ ಮುರಿದ ಒಂದು ಮಗ್ಗನ್ನು ಬಿಸಾಡುವಷ್ಟು ಗಟ್ಟಿ ಎದೆ ಈ ಮೂವರಲ್ಲಿ ಒಬ್ಬರಿಗೂ ಇರಲಿಲ್ಲ.

"ತಗೊಂಡು ಹೋಗೋಣ," ಎಂದಳು ಗಂಟಕ್ಕ ಕೊನೆಗೆ. "ಹೋದ ಸಲ ಆ ತಾತ ತೀರ್ಕೊಂಡ ಹೆಂಡತಿ ಹೊಲಿಗೆ ಮಿಷನ್ ಗುಜರಿಗೆ ಹಾಕಿ ಅಂದಿದ್ರು. ಆಮೇಲೆ ಅಳ್ತಾ ಹುಡುಕ್ಕೊಂಡು ಬಂದ್ರಲ್ಲ, ನಾವು ಇಟ್ಕೊಂಡಿದ್ದು ನೋಡಿ ಕೈ ಮುಗಿದ್ರಲ್ಲ. ಇವರೂ ಹಾಗೇ. ನಾಳೆ ಕೈ ಮುಗೀತಾರೆ."

"ಬೇಡ ಅಂತ ಬಾಯಿಬಿಟ್ಟು ಹೇಳಿದಾರೆ ಅಕ್ಕ," ಎಂದ ಡ್ರೈವರಣ್ಣ. ದನಿಯಲ್ಲಿ ಜೋರಿರಲಿಲ್ಲ. ಸೀಟಿನ ಕೆಳಗೆ ರೇಡಿಯೋ ಇಟ್ಟವನಿಗೆ ಜೋರು ಎಲ್ಲಿಂದ ಬರಬೇಕು?

"ಮೇಸ್ತ್ರಿ ನಾನೋ ನೀನೋ?" ಎಂದಳು ಗಂಟಕ್ಕ. ಇನ್ನೂ ಆಗಿರದ ಮೇಸ್ತ್ರಿಯ ಮಾತಿಗೆ ಇಬ್ಬರೂ ತಲೆಯಾಡಿಸಿದರು.

ಹೊಸ ಮನೆ ಊರಿನ ಇನ್ನೊಂದು ತುದಿಯಲ್ಲಿ, ಉದ್ದದ ಒಂದು ಕಟ್ಟಡದ ಮೊದಲ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಬೆಳಕು ಚೆನ್ನಾಗಿ ಬೀಳುವ ಕಿಟಕಿಗಳು. ಗಂಟಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಉತ್ಸಾಹದಿಂದ ಕೆಲಸಕ್ಕಿಳಿದಳು. ಮಂಚದ ಬಲಕ್ಕೆ ದೀಪ, ದೀಪದ ಕೆಳಗೆ ಮುಲಾಮಿನ ಡಬ್ಬಿ, ಕಿಟಕಿಗೆ ಮುಖ ಮಾಡಿದ ಕುರ್ಚಿ. ಆಮೇಲೆ ಆ ಮೂಲೆಯ ಸಾಮಾನು ತುಂಬಿದ್ದ ಪೆಟ್ಟಿಗೆ ತೆರೆದಳು. ಹಳೆಯ ಮನೆಯ ಬಚ್ಚಲ ಹಲಗೆಯ ಮೇಲೆ ದೂಳು ಕೂರದ ಒಂದು ಚೌಕ ಇದ್ದದ್ದು ಅವಳ ಕಣ್ಣಿಗೆ ಬಿದ್ದಿತ್ತು. ಶೇವಿಂಗ್ ಡಬ್ಬಿಯ ಜಾಗ ಅದೇ, ಸಂಶಯವಿಲ್ಲ. ಇಲ್ಲಿಯೂ ಕನ್ನಡಿಯ ಎಡಕ್ಕೆ ಇಟ್ಟಳು. ಬಾಗಿಲ ಹಿಂದಿನ ಕೊಕ್ಕೆಗೆ ಸ್ವೆಟರ್, ಅದರ ಮೇಲೆ ಟೋಪಿ. ಲ್ಯಾಬಮ್ಮನ ಕಪ್ಪಿನ ಪಕ್ಕಕ್ಕೆ ದೊಡ್ಡ ಮಗ್, ಮುರಿದ ಹಿಡಿ ಗೋಡೆಯ ಕಡೆಗೆ. ಚಪ್ಪಲಿಯನ್ನು ಬಟ್ಟೆಯಿಂದ ಒರೆಸಿ ಹೊಸ್ತಿಲ ಒಳಗೆ, ಯಾರೋ ಈಗಷ್ಟೇ ಬಿಟ್ಟು ಒಳಗೆ ಹೋದ ಹಾಗೆ ಜೋಡಿಸಿದಳು.

ಹಿಂದಕ್ಕೆ ಸರಿದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಷ್ಟು ಚೆನ್ನಾಗಿ ಯಾವ ಮನೆಯನ್ನೂ ತಾನು ಕೂರಿಸಿರಲಿಲ್ಲ ಎಂದುಕೊಂಡಳು. ಅದು ಸುಳ್ಳೂ ಅಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಗಂಟಕ್ಕ ನಗುಮುಖ ಮಾಡಿಕೊಂಡು ಬಾಗಿಲು ಅಗಲ ತೆರೆದಳು. ಲ್ಯಾಬಮ್ಮ ದಣಿದಿದ್ದರೂ ನಗಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಣ್ಣು ಕೆಳಗೆ ಹೋಯಿತು.

ಕೈಯಲ್ಲಿದ್ದ ಚೀಲ ಜಾರಿ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಒಂದು ಕೈ ಕಂಬಿಯನ್ನು ಹಿಡಿದಿತ್ತು, ಒಂದು ಕಾಲು ಆಗಲೇ ಮೆಟ್ಟಿಲ ಕಡೆಗೆ ತಿರುಗಿತ್ತು. ಒಳಗಿದ್ದವರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದಳು:

"ಅವರು ಒಳಗಿದಾರಾ?"

ಸತ್ತವನ ಬಗ್ಗೆ ಹೀಗೆ ಯಾರೂ ಕೇಳುವುದಿಲ್ಲ. ಈ ದನಿ ಗಂಟಕ್ಕನಿಗೆ ಗೊತ್ತಿತ್ತು. ಬೀದಿಗೆ ಬೀಳುವ ಮೊದಲು ಅವಳಿಗೂ ಒಂದು ಮನೆಯಿತ್ತು, ಆ ಮನೆಯ ಬಾಗಿಲಲ್ಲಿ ಒಂದು ಜೊತೆ ಚಪ್ಪಲಿ ಇದೆಯೋ ಇಲ್ಲವೋ ನೋಡಿಕೊಂಡೇ ಅವಳೂ ಒಳಗೆ ಕಾಲಿಡುತ್ತಿದ್ದಳು. ಚಪ್ಪಲಿ ಇದ್ದ ದಿನ ಮೆಟ್ಟಿಲ ಮೇಲೇ ಕೂತು ಕತ್ತಲಾಗುವುದನ್ನು ಕಾಯುತ್ತಿದ್ದಳು. ಎಲ್ಲ ಗೊತ್ತಿದ್ದೂ ಅಂಥದೇ ಚಪ್ಪಲಿಯನ್ನು ಒರೆಸಿ ಇನ್ನೊಬ್ಬ ಹೆಂಗಸಿನ ಬಾಗಿಲಲ್ಲಿ ತಾನೇ ಇಟ್ಟಿದ್ದಳು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಇಲ್ಲ ಮೇಡಂ. ಯಾರೂ ಇಲ್ಲ. ನಾವು ಮೂರೇ ಜನ," ಎಂದಳು. "ಇದು ನಾನಿಟ್ಟಿದ್ದು. ನೀವು ಬಿಸಾಡಿ ಅಂದ್ರಿ, ನಾನು ಬಿಸಾಡ್ಲಿಲ್ಲ. ತಪ್ಪು ನಂದು."

ಲ್ಯಾಬಮ್ಮನ ಕಿವಿಗೆ ಮಾತು ಹೋದಂತೆ ಕಾಣಲಿಲ್ಲ. ಚಪ್ಪಲಿಯಿಂದ ಕಣ್ಣು ಕೀಳಲಿಲ್ಲ.

ಈಗ ಸಮಾಧಾನ ಹೇಳುತ್ತ ಕೂತರೆ ಕೆಲಸ ಕೆಡುತ್ತದೆ ಎಂದು ಗಂಟಕ್ಕನಿಗೆ ಅನ್ನಿಸಿತು. ಹೆದರಿದವರಿಗೆ ಮಾತು ಬೇಕಿಲ್ಲ, ಕಣ್ಣಿಗೆ ಕಾಣಬೇಕು. ಅವಳು ಚಪ್ಪಲಿಯನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು. "ನನ್ನ ಹಿಂದೇನೇ ಬನ್ನಿ," ಎಂದಳು. ಒಂದೊಂದೇ ಬಾಗಿಲು ತೆರೆದಳು. ಮಂಚದ ಕೆಳಗೆ ಬಗ್ಗಿ ತೋರಿಸಿದಳು, ಬೀರು ತೆರೆದು ತೋರಿಸಿದಳು, ಬಚ್ಚಲ ಪರದೆ ಎಳೆದು ತೋರಿಸಿದಳು, ಹಿಂಬಾಗಿಲ ಚಿಲಕ ಎಳೆದು ಭದ್ರವಾಗಿದೆ ಎಂದು ತೋರಿಸಿದಳು. ಹೋದಲ್ಲೆಲ್ಲ ಆ ಮನುಷ್ಯನ ಒಂದೊಂದು ಸಾಮಾನು ಅವಳ ಕೈ ಸೇರಿತು. ಲ್ಯಾಬಮ್ಮ ನೆರಳಿನ ಹಾಗೆ ಹಿಂದೆ ಬಂದಳು. ಮೌನಿ ಹುಟ್ಟಿದ ಮೇಲೆ ಮೊದಲ ಸಲ ಹೆಸರಿಗೆ ತಕ್ಕಂತೆ ಗೋಡೆಗೆ ಒರಗಿ ನಿಂತಿದ್ದ.

ಮಲಗುವ ಕೋಣೆಗೆ ಬಂದಾಗ ಲ್ಯಾಬಮ್ಮ ಮಂಚದ ಅಂಚಿಗೆ ಕೂತಳು. ನೋಡದೆಯೇ ಅವಳ ಕೈ ಬಲಕ್ಕೆ ಹೋಯಿತು, ಮುಲಾಮಿನ ಡಬ್ಬಿ ಬೆರಳಿಗೆ ಸಿಕ್ಕಿತು. ಹಣೆಗೆ ಹಚ್ಚಿಕೊಂಡಳು. ಆಮೇಲೆ ಎಚ್ಚರವಾದವಳಂತೆ ಡಬ್ಬಿಯನ್ನು ನೋಡಿದಳು, ದೀಪವನ್ನು ನೋಡಿದಳು, ಕಿಟಕಿಯ ಕುರ್ಚಿಯನ್ನು ನೋಡಿದಳು. ಉಸಿರು ಸ್ವಲ್ಪ ಹತೋಟಿಗೆ ಬಂತು.

"ಈ ವಿಳಾಸ ಅವರಿಗೆ ಗೊತ್ತಿಲ್ಲ," ಎಂದಳು. "ಗೊತ್ತಾಗಬಾರದು ಅಂತಾನೇ ಇಷ್ಟೆಲ್ಲ ಮಾಡಿದ್ದು. ಆ ಮನೆಯಿಂದ ಹೊರಗೆ ಹಾಕಿಸಿದ್ರೂ ವಾರಕ್ಕೊಂದು ಸಲ ಬರ್ತಿದ್ರು. ಇವತ್ತು ಬಾಗಿಲಲ್ಲಿ ಅದನ್ನ ನೋಡಿ... ನಿಮಗೆ ಯಾಕೆ ಅರ್ಥ ಆಗ್ಲಿಲ್ಲ? ಅಷ್ಟು ಸ್ಪಷ್ಟವಾಗಿ ಹೇಳಿದ್ನಲ್ಲ!"

ಈಗ ಕೋಪ ಬಂದಿತ್ತು. ಕೋಪ ಬಂದದ್ದು ಒಳ್ಳೆಯದೇ ಎಂದು ಗಂಟಕ್ಕನಿಗೆ ಅನ್ನಿಸಿತು. ಬೈಯುವವರೆಗೆ ಬಂದರೆಂದರೆ ಭಯ ಅರ್ಧ ಇಳಿದ ಹಾಗೆ.

"ಅರ್ಥ ಆಗಿತ್ತು ಮೇಡಂ. ಕೈ ಬರ್ಲಿಲ್ಲ. ನನ್ನ ಸಾಮಾನು ಒಂದ್ಸಲ ಯಾರೋ ಬಿಸಾಡಿಬಿಟ್ರು. ಅವತ್ತಿಂದ ಬಿಸಾಡೋದು ಅಂದ್ರೇನೇ ಪಾಪ ಅನ್ಕೊಂಡಿದೀನಿ. ಬೇರೆಯವರು ನಮ್ಮದನ್ನ ಎಸೆಯೋದು ಬೇರೆ, ನಮಗೆ ಬೇಡವಾದದ್ದನ್ನ ನಾವೇ ಎಸೆಯೋದು ಬೇರೆ. ಇಷ್ಟು ದಿನ ಆ ವ್ಯತ್ಯಾಸ ನನ್ನ ತಲೆಗೆ ಹೋಗಿರ್ಲಿಲ್ಲ."

ಲ್ಯಾಬಮ್ಮ ಅವಳ ಕಂಕುಳಲ್ಲಿದ್ದ ಚಪ್ಪಲಿಯನ್ನು ದಿಟ್ಟಿಸಿದಳು. "ತೊಟ್ಟಿ ಎಲ್ಲಿದೆ?" ಎಂದು ಕೇಳಿದಳು.

ತೊಟ್ಟಿ ಕಟ್ಟಡದ ಹಿಂದೆ, ಕಾಂಪೌಂಡಿನ ಕೊನೆಯಲ್ಲಿತ್ತು. ಲಾರಿ ಖಾಲಿ ಮಾಡುವಾಗ ಹೆಗಲಿನವರು ಸಾಲಾಗಿ ನಿಂತು ಸಾಮಾನನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಯಾರೂ ಹೇಳದಿದ್ದರೂ ಅವರು ಹಾಗೆಯೇ ನಿಂತರು. ಡ್ರೈವರಣ್ಣ ನಾಚಿಕೆಯಿಂದ ಸೀಟಿನ ಕೆಳಗಿನ ರೇಡಿಯೋ ತಂದು ಮೌನಿಗೆ ಕೊಟ್ಟ, ಮೌನಿ ಗಂಟಕ್ಕನಿಗೆ ಕೊಟ್ಟ, ಗಂಟಕ್ಕ ಲ್ಯಾಬಮ್ಮನಿಗೆ ಕೊಟ್ಟಳು. ಲ್ಯಾಬಮ್ಮ ಎಸೆದಳು. ಕಬ್ಬಿಣದ ತೊಟ್ಟಿ ಢಣ್ಣೆಂದಿತು. ಶೇವಿಂಗ್ ಡಬ್ಬಿ ಹೋಯಿತು, ಟೋಪಿ ಹೋಯಿತು. ಮಗ್ ಒಳಗೆ ಬಿದ್ದು ಚೂರಾದ ಸದ್ದಿಗೆ ಮೌನಿ ಕಣ್ಣು ಮುಚ್ಚಿಕೊಂಡ. ಸ್ವೆಟರ್ ಬಂದಾಗ ಅವನ ಕೈ ಒಂದು ಕ್ಷಣ ಅನುಮಾನಿಸಿತು.

"ಕೊಡೋ," ಎಂದಳು ಗಂಟಕ್ಕ. ಅವನು ಕೊಟ್ಟ.

ಚಪ್ಪಲಿ ಕೊನೆಗೆ ಉಳಿಯಿತು. ಒಂದು ಸರಿಯಾಗಿ ತೊಟ್ಟಿಯೊಳಗೆ ಬಿತ್ತು. ಇನ್ನೊಂದು ಅಂಚಿಗೆ ಬಡಿದು ವಾಪಸ್ ಬಂದು ಡ್ರೈವರಣ್ಣನ ಮೊಣಕಾಲಿಗೆ ತಗುಲಿತು. "ಅಯ್ಯಯ್ಯೋ, ನನ್ನನ್ನೂ ಬಿಸಾಡ್ತೀರಾ ಮೇಡಂ?" ಎಂದ ಅವನು. ಲ್ಯಾಬಮ್ಮನಿಗೆ ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರೂ ಬಂತು. ಆ ಚಪ್ಪಲಿಯನ್ನು ತಾನೇ ಹೋಗಿ ಎತ್ತಿಕೊಂಡು, ಎರಡನೇ ಸಲ ಗುರಿಯಿಟ್ಟು ಎಸೆದಳು. ತಪ್ಪಲಿಲ್ಲ.

ಲ್ಯಾಬಮ್ಮ ಕೈ ತೊಳೆಯಲು ನಲ್ಲಿಯ ಕಡೆ ಹೋದಾಗ ಡ್ರೈವರಣ್ಣ ಹತ್ತಿರ ಬಂದ. "ಅಕ್ಕ, ಚಿಕ್ಕಮ್ಮಂಗೆ ಫೋನ್ ಮಾಡ್ಬೇಕಲ್ಲ. ಆಯಮ್ಮ ಸಮಾಧಾನ ಆಗಿದಾರೆ. ಸುಮ್ನೆ ಎಲ್ಲಾ ಚೆನ್ನಾಗಾಯ್ತು ಅನ್ನು. ಲಾರಿ ಕಳ್ಕೋಬೇಡ. ನಾವಿಬ್ರೂ ಬಾಯಿ ಬಿಡಲ್ಲ."

"ಇವನ ಬಾಯಿನಾ?" ಎಂದು ಗಂಟಕ್ಕ ಮೌನಿಯನ್ನು ತೋರಿಸಿದಳು.

ತಮಾಷೆ ಮಾಡಿದಳೇ ಹೊರತು ಆಸೆಯಾಗಲಿಲ್ಲ ಎಂದೇನಲ್ಲ. ತುಂಬ ಆಸೆಯಾಯಿತು. ಹೆಗಲಿನಲ್ಲಿ ಒಂದು ಪದ್ಧತಿಯಿದೆ: ಕೆಲಸ ಮುಗಿದ ಮೇಲೆ ಮನೆಯವರ ಎದುರಿಗೇ ಆಫೀಸಿಗೆ ಫೋನ್ ಮಾಡಬೇಕು, ಎಲ್ಲರಿಗೂ ಕೇಳಿಸುವ ಹಾಗೆ ಸ್ಪೀಕರ್ ಹಾಕಬೇಕು, ಮೊದಲ ಮಾತಿನಲ್ಲೇ ಏನು ಒಡೆಯಿತು, ಏನು ಕೆಟ್ಟಿತು ಎಂದು ಹೇಳಿಬಿಡಬೇಕು. ಮುಚ್ಚಿಟ್ಟು ಬದುಕಿ ಬಂದವರಿಗೆ ಇದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಬೀರು ಹೊರುವುದು ಇದರ ಮುಂದೆ ಏನೂ ಅಲ್ಲ.

ಲ್ಯಾಬಮ್ಮ ಬಂದಳು. ಗಂಟಕ್ಕ ಮೊದಲು ಬೀಗದ ಕೈಗಳನ್ನು ಅವಳ ಅಂಗೈಯಲ್ಲಿಟ್ಟಳು. ಬೆಳಗ್ಗೆಯಿಂದ ಸೊಂಟದಲ್ಲಿ ಬೆಚ್ಚಗಿದ್ದ ಅವು ಹೋದ ಮೇಲೆ ಕೈ ಬರಿದಾಯಿತು. ಆಮೇಲೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಚಿಕ್ಕಮ್ಮ, ನಾನು ಗಂಟಕ್ಕ. ಒಂದು ದೊಡ್ಡ ತಪ್ಪಾಗಿದೆ, ನನ್ನಿಂದಲೇ ಆಗಿದ್ದು. ಮೇಡಂ ಬಿಸಾಡು ಅಂದಿದ್ದ ಸಾಮಾನನ್ನ ನಾನು ಈ ಮನೆಗೆ ತಂದು ಜೋಡಿಸಿಟ್ಟೆ. ಅದು ಅವರು ಬಿಟ್ಟು ಬಂದ ಗಂಡನದು. ನೋಡಿ ಅವರು ತುಂಬಾ ಹೆದರಿದ್ರು. ಡ್ರೈವರಣ್ಣ ಬೇಡ ಅಂದ, ನಾನು ಕೇಳ್ಲಿಲ್ಲ. ಈಗ ಎಲ್ಲಾ ಬಿಸಾಡಿ ಆಯ್ತು. ಬೇರೆ ಏನೂ ಒಡೆದಿಲ್ಲ."

ಚಿಕ್ಕಮ್ಮ ಸುಲಭಕ್ಕೆ ಕರಗುವ ಹೆಂಗಸಲ್ಲ.

"ಇದು ಸಣ್ಣ ತಪ್ಪಲ್ಲ," ಎಂದಳು. "ಬೆಳಗ್ಗೆ ನಿನ್ನ ಹತ್ರ ಮಾತಾಡೋದಿದೆ. ತಿಂಡಿಗೆ ಮುಂಚೆ ಬಾ. ಮೇಡಂ ಅಲ್ಲಿದಾರಾ?"

"ಇದೀನಿ," ಎಂದಳು ಲ್ಯಾಬಮ್ಮ.

"ನಮ್ಮಿಂದ ನಿಮಗೆ ನೋವಾಗಿದೆ ಮೇಡಂ. ಕ್ಷಮಿಸಿ. ನೀವು ಏನು ಹೇಳ್ಬೇಕೋ ಹೇಳಿ, ಮುಲಾಜು ಬೇಡ."

ಗಂಟಕ್ಕ ನೆಲ ನೋಡಿದಳು. ಇನ್ನೊಂದು ವರ್ಷ ಹಗ್ಗ ಸುತ್ತುವುದೇ ತಾನೆ, ಸುತ್ತಿದರಾಯಿತು, ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಕೇಳಲಿಲ್ಲ. ಲ್ಯಾಬಮ್ಮ ಕಟ್ಟಡದ ಕಡೆ ತಲೆಯೆತ್ತಿ ತನ್ನ ಕಿಟಕಿಯನ್ನು ನೋಡಿದಳು. ದೀಪ ಹಾಕಿರಲಿಲ್ಲ.

"ಇವತ್ತು ಇವರು ಮಾಡಿದ್ದಕ್ಕೆ ನನಗಿನ್ನೂ ಕೋಪ ಇದೆ," ಎಂದಳು. "ಆದ್ರೆ ಒಂದು ಕೇಳ್ಲಾ? ಬೀಗ ಬದಲಾಯಿಸೋರು ಬರೋತನಕ ಇವರು ಇಲ್ಲೇ ಇರೋಕಾಗುತ್ತಾ? ಈಗ ಒಬ್ಬಳೇ ಒಳಗೆ ಹೋಗೋಕೆ ಧೈರ್ಯ ಇಲ್ಲ. ಈ ಅಕ್ಕ ಮುಂದೆ ಹೋದ್ರೆ ಹೋಗ್ತೀನಿ." ಹೇಳುತ್ತಲೇ ಬೀಗದ ಕೈಯನ್ನು ಗಂಟಕ್ಕನ ಕಡೆ ಚಾಚಿದಳು.

ಚಿಕ್ಕಮ್ಮ ತಡಮಾಡಲಿಲ್ಲ.

"ಅದನ್ನ ನನ್ನ ಯಾಕೆ ಕೇಳ್ತೀರಿ ಮೇಡಂ? ಲಾರಿ ಯಾವಾಗ ಹೊರಡಬೇಕು ಅನ್ನೋದು ಮೇಸ್ತ್ರಿ ಹೇಳೋ ಮಾತು. ನಿಮ್ಮ ಪಕ್ಕದಲ್ಲೇ ನಿಂತಿದಾಳಲ್ಲ, ಅವಳನ್ನೇ ಕೇಳಿ."

ಫೋನ್ ಕಟ್ಟಾಯಿತು. ಗಂಟಕ್ಕ ಬೀಗದ ಕೈ ತೆಗೆದುಕೊಂಡು ಬೆರಳು ಮುಚ್ಚಿದಳು. ಗಂಟಲು ಸರಿಮಾಡಿಕೊಂಡು, ಇಡೀ ಕಾಂಪೌಂಡಿಗೆ ಕೇಳಿಸುವ ಹಾಗೆ ಕೂಗಿದಳು:

"ಡ್ರೈವರಣ್ಣಾ, ಲಾರಿ ಪಕ್ಕಕ್ಕೆ ಹಾಕು. ನಾವಿನ್ನೂ ಹೊರಡಲ್ಲ."